ಹಾಲಿನ ಹೆಸರು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆಂದೇ ತಿಳಿಯುತ್ತಾರೆ ಎಂಬುದು ನಮ್ಮ ಹಳೆಯ ಗಾದೆ. ಕುಡಿಯುವ ವಸ್ತುವನ್ನು ಬಿಟ್ಟು ಕುಡಿಯುವ ಜಾಗವನ್ನು ನೋಡಿ ಮನುಷ್ಯನ ಶೀಲವನ್ನು ನಿರ್ಣಯಿಸುವುದು ಲೋಕದ ರೀತಿ. ಇಂದಿನ ಬೆಂಗಳೂರು ಈ ಗಾದೆಯನ್ನು ತಿರುವಿಹಾಕಿದೆ. ಇಲ್ಲಿ ಒಳ್ಳೆಯ ಜಾಗದಲ್ಲಿ, ಒಳ್ಳೆಯ ದೀಪದ ಬೆಳಕಿನಲ್ಲಿ ಕುಳಿತು ಹಾಲಿನ ಹೆಸರಿನಲ್ಲಿ ಮದ್ಯವನ್ನೇ ಕುಡಿಯಬಹುದು. ಯಾರೂ ಅದನ್ನು ಹೆಂಡವೆನ್ನುವುದಿಲ್ಲ.

‘ಮಿಲ್ಕ್ ಸ್ಟೌಟ್’ ಎಂಬುದು ಅದರ ಹೆಸರು. ತಮ್ಮಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಪಬ್ಬುಗಳಲ್ಲಿ ಕೆಲವೆಡೆ ಇದು ದೊರೆಯುವುದುಂಟು. ಗೆಳೆಯರೊಬ್ಬರ ಒತ್ತಾಯಕ್ಕೆ ನಾನೂ ಒಮ್ಮೆ ರುಚಿ ನೋಡಿದ್ದೇನೆ. ಕಪ್ಪು ಬಣ್ಣ, ಮೇಲೆ ಕಂದು ನೊರೆ. ಮೊದಲ ಗುಟುಕಿಗೆ ಹುರಿದ ಕಾಫಿಬೀಜದಂಥ ಕಹಿ, ಅದರ ಹಿಂದೆಯೇ ನಾಲಗೆಯ ಮೇಲೆ ನಿಧಾನವಾಗಿ ಹರಡುವ ಸಿಹಿ. ಚೆನ್ನಾಗಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಕಹಿ ಹುರಿದ ಬಾರ್ಲಿಯದು. ಸಿಹಿ ಲ್ಯಾಕ್ಟೋಸಿನದು, ಅಂದರೆ ಹಾಲಿನಿಂದ ತೆಗೆದ ಸಕ್ಕರೆಯದು. ಬಾರ್ಲಿಯ ಸಕ್ಕರೆಯನ್ನು ತಿಂದು ಮದ್ಯಸಾರವಾಗಿ ಮಾಡುವ ಯೀಸ್ಟಿಗೆ ಹಾಲಿನ ಸಕ್ಕರೆ ಅರಗದು. ಆದ್ದರಿಂದ ಸಿಹಿ ಉಳಿಯುತ್ತದೆ, ಅಮಲೇನೂ ಕಡಮೆಯಾಗುವುದಿಲ್ಲ.

ಇಂಗ್ಲೆಂಡಿನ ಮ್ಯಾಕೆಸನ್ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಮಾರಾಟಕ್ಕೆ ತಂದಾಗ ಪುಷ್ಟಿಕರ ಪಾನೀಯವೆಂದು ಅದಕ್ಕೆ ಹೆಸರು ಬಂತು; ಎಳೆಮಕ್ಕಳ ತಾಯಂದಿರಿಗೂ ಒಳ್ಳೆಯದೆಂದು ನಂಬಿದವರಿದ್ದರು. 1946ರಲ್ಲಿ ಅಲ್ಲಿನ ಸರ್ಕಾರ ‘ಹಾಲು’ ಎಂಬ ಮಾತನ್ನು ಸೀಸೆಯ ಚೀಟಿಯಿಂದ ತೆಗೆಸಿತು. ಸೀಸೆಯ ಮೇಲಿನ ಹೆಸರನ್ನು ಸರ್ಕಾರ ಅಳಿಸಬಲ್ಲುದು. ನಮ್ಮ ನಡತೆಗೆ ನಾವೇ ಅಂಟಿಸಿಕೊಂಡ ಹೆಸರುಗಳನ್ನು ಅಳಿಸುವವರಾರು?

ನಾವು ಕುಡಿದರೆ ಅದು ‘ರುಚಿ ನೋಡುವುದು’. ಕೂಲಿಯವನು ಕುಡಿದರೆ ‘ಕುಡಿತ’. ನಮ್ಮದು ಅಭಿರುಚಿ, ಅವನದು ಚಟ. ಈ ಭೇದ ಹೊಸದೇನೂ ಅಲ್ಲ. ಮಹಾಕಾವ್ಯದ 18 ವರ್ಣನೆಗಳಲ್ಲಿ ಮಧುಪಾನವೂ ಒಂದು. ತರಗತಿಯಲ್ಲಿ ನಾವು ಅದನ್ನು ಗಂಭೀರವಾಗಿಯೇ ಪಾಠ ಹೇಳುತ್ತೇವೆ. ಅರಮನೆಯ ಪಾನಗೋಷ್ಠಿಗೆ ದೊರೆತ ಆ ಮರ್ಯಾದೆ ಸಾರಾಯಿ ಅಂಗಡಿಯ ಬೆಂಚಿಗೆ ದೊರೆಯಲಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿಯಿಂದ ಎಷ್ಟೋ ಮನೆಗಳಲ್ಲಿ ಹೆಂಗಸರ ಕಣ್ಣೀರು ಹರಿದಿತ್ತು; ಅದನ್ನು ನಿಲ್ಲಿಸಿದ್ದು ತಪ್ಪೆಂದು ಹೇಳಲಾರೆ. ಆಮೇಲಿನ ವರ್ಷಗಳಲ್ಲಿ ಬೆಂಗಳೂರಿನ ಸಣ್ಣ ಬ್ರೂವರಿಗಳಿಗೆ ಪರವಾನಗಿ ಸಿಕ್ಕಿತು. ಪರವಾನಗಿ ಕಾನೂನಿನ ಮಾತು. ಅದನ್ನು ಸನ್ನಡತೆಯ ಸರ್ಟಿಫಿಕೇಟೆಂದು ಓದಿಕೊಳ್ಳುವವರು ನಾವು.

“ರಸಿಕನು ಒಂದು ಲೋಟಕ್ಕೆ ನಿಲ್ಲಿಸುತ್ತಾನೆ, ಕುಡುಕನು ನಿಲ್ಲಿಸುವುದಿಲ್ಲ, ವ್ಯತ್ಯಾಸವಿಲ್ಲವೆ?” ಎಂದು ವಾಚಕರು ಕೇಳಬಹುದು. ಇದೆ. ಆದರೆ ಅದು ಸಂಯಮದ ವ್ಯತ್ಯಾಸ, ರುಚಿಯದಲ್ಲ. ಒಂದಕ್ಕೇ ನಿಲ್ಲಿಸುವ ಕೂಲಿಯವನುಂಟು. ಕಾಫಿಯ ಕಹಿಯನ್ನೂ ಹಾಲಿನ ಸಿಹಿಯನ್ನೂ ವರ್ಣಿಸುತ್ತಲೇ ನಾಲ್ಕನೆಯ ಲೋಟ ತರಿಸಿ, ಆಮೇಲೆ ತಾನೇ ಕಾರು ನಡೆಸುವ ರಸಿಕನೂ ಉಂಟು.

ಹಾಗಾದರೆ ಅಳೆಯುವುದು ಹೇಗೆ? ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಮಂಚೇನಹಳ್ಳಿ ಸಿಗುತ್ತದೆ. ಆ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ, ಸಂಜೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಜನರನ್ನು ನೋಡಬೇಕು. ತಂದದ್ದು ಹಾಲೆಂದು ಬಾಯಲ್ಲಿ ಹೇಳಿದರೆ ಅಲ್ಲಿ ಸಾಲದು. ಗಟ್ಟಿಯೋ ನೀರೋ ಎಂದು ಪರೀಕ್ಷಿಸಿ, ಕೊಬ್ಬಿನಂಶ ನೋಡಿ, ಬಳಿಕ ಲೆಕ್ಕ ಬರೆಯುತ್ತಾರೆ. ನಾಲ್ಕು ಸೀಮೆಹಸುಗಳ ಯಜಮಾನನ ಕ್ಯಾನಿಗೂ ಒಂದೇ ಹಸುವಿನ ಕೂಲಿಯವಳ ಕ್ಯಾನಿಗೂ ಅಳತೆ ಒಂದೇ.

ಹಾಲಿಗಿರುವ ಈ ನ್ಯಾಯ ಹಾಲಿನ ಹೆಸರು ಹೊತ್ತ ಮದ್ಯಕ್ಕೂ ಇರಲಿ. ನನ್ನ ಲೋಟದಿಂದ ಯಾರ ತಟ್ಟೆ ಬರಿದಾಯಿತು, ಯಾರ ನಿದ್ದೆ ಕೆಟ್ಟಿತು ಎಂದು ಕೇಳಿಕೊಳ್ಳೋಣ. ಯಾರದೂ ಅಲ್ಲವಾದರೆ ಸಂತೋಷ. ಆ ಸಂತೋಷವನ್ನು ಕೂಲಿಯವನಿಗೂ ಅದೇ ಅಳತೆಯಿಂದ ಸಲ್ಲಿಸೋಣ. ರುಚಿಯನ್ನು ಬಲ್ಲವನಾಗುವುದು ಒಂದು ಭಾಗ್ಯ. ಅದಕ್ಕೆ ಬೇಕಾದ ಹಣ, ಬಿಡುವು, ಗೆಳೆಯರು ಎಲ್ಲರಿಗೂ ದೊರೆಯುವುದಿಲ್ಲ. ದೊರೆತವರು ಅದನ್ನು ತಮ್ಮ ಗುಣವೆಂದು ಭಾವಿಸಿಕೊಂಡರೆ, ನೀರು ಬೆರಸಿದ ಹಾಲನ್ನು ಡೈರಿಗೆ ಕೊಂಡೊಯ್ದಂತೆ.