ವಂಶಾವಳಿಯೂ ಸತ್ಯನಿಷ್ಠೆಯೂ

ವಾಚಕರೇ, ಉತ್ತರ ಕರ್ನಾಟಕದಲ್ಲಿ ಸುಗ್ಗಿಯ ತರುವಾಯ ಮನೆಬಾಗಿಲಿಗೆ ಬರುವ ಹೆಳವರನ್ನು ನೀವು ಬಲ್ಲಿರಿ. ಮನೆತನದ ಮೂಲ ಊರನ್ನೂ ತಲೆಮಾರುಗಳ ಹೆಸರುಗಳನ್ನೂ ಹೊತ್ತಿಗೆ ತೆರೆದು ಓದುವುದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುವುದು, ಕಾಳುಕಡಿಯನ್ನೋ ದನಕರುವನ್ನೋ ಕಾಣಿಕೆಯಾಗಿ ಪಡೆಯುವುದು ಅವರ ಪರಂಪರೆಯ ವೃತ್ತಿ.

ಇಲ್ಲೊಂದು ಧರ್ಮಸೂಕ್ಷ್ಮವುಂಟು. ಮುನಿದು ಮನೆಬಿಟ್ಟ ಮಗನ ಹೆಸರನ್ನು ಕೈಬಿಡೆಂದು ಕಾಣಿಕೆ ಕೊಡುವ ಯಜಮಾನನೇ ಹೇಳಿದರೆ ಹೆಳವನು ಮಾಡಬೇಕಾದುದೇನು? ಉಂಡ ಮನೆಯ ಋಣ ದೊಡ್ಡದು, ನಿಜ. ಆದರೆ ಆ ಮಗನ ಸಂತತಿ ನಾಳೆ ತನ್ನ ಬೇರನ್ನು ಅರಸಿ ಬಂದರೆ ಹೊತ್ತಿಗೆ ಮೂಕವಾಗಬೇಕೇ? ಅದು ಯಜಮಾನನೊಬ್ಬನ ಸೊತ್ತಲ್ಲ. ಇನ್ನೂ ಹುಟ್ಟದವರಿಗಾಗಿ ಕಾಯ್ದಿಟ್ಟ ಒತ್ತೆ. ನೊಂದವರೆದುರು ಆ ಹೆಸರನ್ನು ಓದದಿರುವುದು ದಯೆಯಾದೀತು; ಬರೆಯದಿರುವುದು ಅನೃತವೇ ಸರಿ.

ಹೆಳವನು ಮತ್ತೆ ಬಂದಾಗ, ನಿಮ್ಮ ಮನೆತನ ಮರೆಮಾಡಿದ ಹೆಸರೊಂದಿದ್ದರೆ ಅದನ್ನು ನೀವೇ ಹೇಳಿ ಬರೆಯಿಸಿರಿ.