ನಳದ ಕೆಳಗಿನ ಬಕೀಟು

ನಮ್ಮ ಮೋರಿಯ ನಳಕ್ಕೆ ಬಳುಕುವ ಪೈಪು ಕೂಡುವ ಜಾಗದಲ್ಲಿ ನೀರು ಸೋರುತ್ತಿತ್ತು. ಸೆಕೆಂಡಿಗೆ ಒಂದು ಹನಿ. ಕೆಳಗೆ ಬಕೀಟು ಇಟ್ಟೆ. ಕೂಡಿದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೆ. ನೀರು ಹಾಳಾಗಲಿಲ್ಲ ಎಂಬ ಸಮಾಧಾನದಲ್ಲೇ ಎರಡು ತಿಂಗಳು ಹೋದವು.

ಪಂಚಮಿಗೆ ಇಚಲಕರಂಜಿಯಿಂದ ತಂಗಿ ಬಂದಳು. ಬೆಳಿಗ್ಗೆ ಎದ್ದವಳೇ, "ಅಣ್ಣಾ, ನಿಮ್ಮ ನಳ ರಾತ್ರೆಲ್ಲಾ ಮಾತಾಡತೈತಲ್ಲ" ಅಂದಳು. ಬೈಯಲಿಲ್ಲ, ಅಷ್ಟೇ ಅಂದಳು.

ಆಕೆಯ ಊರಲ್ಲಿ ನೀರು ದಿನಾ ಬರುವುದಿಲ್ಲ. ಮಗ್ಗದ ಊರು. ಪಕ್ಕದ ಪಂಚಗಂಗೆ ಹೊಲಸಾಗಿದೆ, ಕೃಷ್ಣೆಯ ನೀರಿಗೆ ಕಾಯಬೇಕು. ದೂಧಗಂಗೆಯಿಂದ ನೀರು ಒಯ್ಯುವ ಯೋಜನೆ ಬಂದಾಗ ದಂಡೆಯ ರೈತರು ಬ್ಯಾಡ ಅಂದರು. ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಕೂತು, "ರೈತರದು ಖರೆ ಐತಿ, ಒಂದು ಹನೀನೂ ಬಿಡಬಾರದು" ಎಂದು ದನಿ ಏರಿಸಿದವರಲ್ಲಿ ನಾನೂ ಒಬ್ಬ.

ಲೆಕ್ಕ ಹಾಕಿದೆ. ಸುಮಾರು 20 ಹನಿಗೆ 1 ಮಿಲಿಲೀಟರ್. ದಿನಕ್ಕೆ 86,400 ಸೆಕೆಂಡು. ಅಂದರೆ 4 ಲೀಟರಿಗೂ ಮೇಲೆ, ಎರಡು ತಿಂಗಳಿಗೆ ಹತ್ತಿರ ಹತ್ತಿರ 260 ಲೀಟರ್.

ಆದರೆ ಆ ನೀರು ಉಳಿಸಿದ್ದರೆ ತಂಗಿಯ ಕೊಡ ತುಂಬುತ್ತಿತ್ತೇ? ಇಲ್ಲ. ಗಡಹಿಂಗ್ಲಜ ತಾಲೂಕಿನ ನಮ್ಮ ಹಿರಣ್ಯಕೇಶಿ ಘಟಪ್ರಭೆಗೆ ಕೂಡಿ, ಇಚಲಕರಂಜಿಯನ್ನು ಬಿಟ್ಟು ಬಹಳ ಕೆಳಗೆ ಕೃಷ್ಣೆಯನ್ನು ಸೇರುತ್ತಾಳೆ. ಮತ್ತೆ ನನ್ನ ತಪ್ಪು ಏನು? ನೀರನ್ನಂತೂ ಗಿಡಕ್ಕೇ ಹಾಕಿದ್ದೆನಲ್ಲ?

ಆಗ ಹೊಳೆಯಿತು: ಅದು ಮಳೆಗಾಲ! ಕರಿಬೇವು ನನ್ನ ನೀರು ಕೇಳಿರಲೇ ಇಲ್ಲ. ಬಕೀಟು ಹಿಡಿದದ್ದು ನೀರನ್ನಲ್ಲ, ನನ್ನ ಸೋಮಾರಿತನವನ್ನು. ಅದು ಇಲ್ಲದಿದ್ದರೆ ನೆಲ ಹಸಿಯಾಗಿ, ಎರಡನೇ ದಿನವೇ ರಿಪೇರಿ ಆಗುತ್ತಿತ್ತು. ತಪ್ಪಿಗಿಂತ, ತಪ್ಪು ಕಾಣದಂತೆ ಮಾಡುವ ಒಳ್ಳೆಯ ಕೆಲಸ ಹೆಚ್ಚು ಕೆಟ್ಟದ್ದು.

ಕೆಳಗಿನ ಕಾಕು ತಿರುವಿ ನೀರು ನಿಲ್ಲಿಸಿ, ಪಾನಾ ಹಚ್ಚಿ ನಟ್ಟು ಬಿಚ್ಚಿದೆ. ಒಳಗಿನ ರಬ್ಬರ್ ವಾಶರ್ ಹರಿದಿತ್ತು. ಹಿಂದೆ ಸಿಟ್ಟಿನಲ್ಲಿ ಬಿಗಿದವನು ನಾನೇ. ಅಲ್ಲಿ ನೀರು ತಡೆಯುವುದು ಆಟೆಯಲ್ಲ, ವಾಶರ್. ಒಂದು ಚಹಾದ ರೊಕ್ಕದೊಳಗೆ ಹೊಸದು ಸಿಕ್ಕಿತು. ಕೈಯಿಂದ ನಟ್ಟು ತಿರುವಿ, ಪಾನಾದಿಂದ ಕಾಲು ಸುತ್ತು ಮಾತ್ರ ಬಿಗಿದೆ. ಹತ್ತು ನಿಮಿಷದ ಕೆಲಸ.

ಇಂಥ ಬಕೀಟುಗಳು ಊರಲ್ಲಿ ಇನ್ನೂ ಎಷ್ಟೋ ಅದಾವ. ಹೆಂಚು ಸೋರುವಲ್ಲಿ ಪಾತೇಲಿ, ಜಗಳ ಸೋರುವಲ್ಲಿ "ಹೋಗಲಿ ಬಿಡ್ರಿ". ನದಿ ಯಾರದು ಎಂಬ ವಾದ ಕಟ್ಟೆಯ ಮೇಲೆ ನಡೆಯಲಿ, ನಾನೂ ಬರುತ್ತೇನೆ. ಮೊದಲು ಮನೆಯ ನಳ ನೋಡಿ ಬರುತ್ತೇನೆ.