ಜೋಳಿಗೆಗೆ ಬಿದ್ದದ್ದು, ಕೈಗೆ ಬಂದದ್ದು

ನಮ್ಮ ಕಡೆ ಜೋಳಿಗೆ ಅಂದರೆ ಕಾಳು-ಕಡಿ ಬೀಳುವ ಚೀಲ. ಜಂಗಮರು ಬಾಗಿಲಿಗೆ ಬಂದರೆ ಅವ್ವ ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದಳು. ಇಳಕಲ್ಲದ ಮಹಾಂತಪ್ಪಗಳು ಆ ಜೋಳಿಗೆಗೆ ಬೇರೊಂದು ಕೆಲಸ ಹಚ್ಚಿದರು. ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು, ಕೇರಿಕೇರಿ ತಿರುಗಿದರು. ಅವರು ಬೇಡಿದ್ದು ಕಾಳಲ್ಲ, ರೊಕ್ಕವಲ್ಲ. ಮಂದಿಯ ಕುಡಿತ, ಬೀಡಿ, ತಂಬಾಕು, ಗುಟ್ಕಾ. ಅದು ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಈ ಜೋಳಿಗೆಯ ಬಗ್ಗೆ ನಾನು ಬಹಳ ದಿನ ವಿಚಾರ ಮಾಡಿದ್ದೇನೆ. ಚಟ ಬಿಡುವವನು ಮನೆಯಲ್ಲೇ ಕುಳಿತು ಬಿಡಬಹುದಲ್ಲ, ಬೀಡಿಯ ಕಟ್ಟನ್ನು ತಿಪ್ಪೆಗೆ ಒಗೆಯಬಹುದಲ್ಲ, ಇನ್ನೊಬ್ಬರ ಜೋಳಿಗೆ ಯಾಕೆ ಬೇಕು? ತಿಪ್ಪೆಗೆ ಒಗೆದದ್ದು ಯಾರಿಗೂ ಕೊಟ್ಟದ್ದಲ್ಲ, ಕತ್ತಲಾದ ಮೇಲೆ ಹೋಗಿ ಹುಡುಕಿ ತರಬಹುದು. ಜೋಳಿಗೆಗೆ ಹಾಕಿದ್ದು ದಾನವಾಯಿತು. ಕೊಟ್ಟದ್ದನ್ನು ಮರಳಿ ಕೇಳುವುದು ಈ ನೆಲದಲ್ಲಿ ನಾಚಿಕೆಯ ಮಾತು. ಒಬ್ಬನ ಹಟವನ್ನಷ್ಟೇ ನೆಚ್ಚಿಕೊಳ್ಳದೆ, ಕೊಡು-ಕೊಳ್ಳುವ ಹಳೆಯ ಮರ್ಯಾದೆಯನ್ನೇ ಸ್ವಾಮಿಗಳು ಕಾವಲಿಗೆ ನಿಲ್ಲಿಸಿದರು.

ಆದರೆ ಕೊಡುವುದು ಒಂದು ದಿನದ ಕೆಲಸ. ಮರುದಿನ ನಸುಕಿನಲ್ಲಿ ಎದ್ದಾಗ ಕೈ ತನ್ನಷ್ಟಕ್ಕೆ ತಾನೇ ಕಿಸೆಗೆ ಹೋಗುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಆ ಖಾಲಿ ಕೈಗೆ ಏನು ಕೊಡುವುದು?

ಇದಕ್ಕೆ ಉತ್ತರದಂಥದ್ದು ನನಗೆ ಕಂಡದ್ದು ಮರೋಳದ ಹೊಲದಲ್ಲಿ, ನನ್ನ ಸೋದರಮಾವನ ಬದುವಿನ ಮೇಲೆ.

ಮರೋಳ ಹುನಗುಂದ-ಇಳಕಲ್ಲ ಸೀಮೆಯ ಎರಿಭೂಮಿಯ, ಅಂದರೆ ಕಪ್ಪು ಮಣ್ಣಿನ ಊರು. ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುವ ಜಾಗದವರೆಗೆ ನಾರಾಯಣಪುರ ಜಲಾಶಯದ ಹಿನ್ನೀರು ಚಾಚಿದೆ. ಬಸವಣ್ಣನವರ ಐಕ್ಯಮಂಟಪವನ್ನು ಆ ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ಅದೇ ಹಿನ್ನೀರನ್ನು ಎತ್ತಿ ಪೈಪಿನಲ್ಲಿ ಹೊಲಕ್ಕೆ ಮುಟ್ಟಿಸುವುದು ರಾಮಥಾಳ (ಮರೋಳ) ಹನಿ ನೀರಾವರಿ. ಸುಮಾರು 24,000 ಹೆಕ್ಟೇರಿಗೆಂದು ರೂಪಿಸಿದ ಈ ಯೋಜನೆ 2017ರಲ್ಲಿ ಶುರುವಾದಾಗ ಏಷ್ಯಾದಲ್ಲೇ ದೊಡ್ಡದು ಎಂದು ಸುದ್ದಿಯಾಗಿತ್ತು.

ಎರಿಭೂಮಿಗೆ ಹನಿ ನೀರೇ ಯಾಕೆ ಎಂಬುದನ್ನು ಒಕ್ಕಲಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಮಣ್ಣು ನೀರು ಕುಡಿದರೆ ಬಿಡುವುದಿಲ್ಲ. ಮೇಲೆ ಮೇಲೆ ಹಾಯಿಸುತ್ತ ಹೋದರೆ ಒಳಗಿನ ಉಪ್ಪು ಮೇಲೇರಿ ಹೊಲ ಸವುಳಾಗುತ್ತದೆ, ನೀರು ನಿಂತು ಜವುಳಾಗುತ್ತದೆ. ಮಲಪ್ರಭಾ ಕಾಲುವೆಯ ಸೀಮೆಯಲ್ಲಿ ಹಾಗೆ ಕೆಟ್ಟ ಹೊಲಗಳನ್ನು ನಾನು ನೋಡಿದ್ದೇನೆ. ಮೊದಲಿನ ಬೆಳೆಗಳು ಆಳೆತ್ತರ ಬಂದವಂತೆ. ಆಮೇಲೆ ಮಣ್ಣಿನ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಬಂತು. ನೀರು ಸಾಕಷ್ಟು ಇದ್ದಾಗ ಸಾಕು ಅನ್ನಲು ಬಾರದ್ದರಿಂದ ಆದ ಹಾನಿ ಅದು. ದೇಹಕ್ಕೂ ಹೀಗೇ ಆಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಒಂದು ಹಬ್ಬದ ಊಟಕ್ಕೆ ಬರುವಂಥವಲ್ಲ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಸಣ್ಣ ಚಮಚ. ದಿನದಿನವೂ ಆ ಚಮಚದ ಮೇಲೆ ಬಿದ್ದದ್ದು ಎಷ್ಟು ವರ್ಷದ ಮೇಲೆ ಮೈಯ ಸವುಳಾಗಿ ಕಾಣಿಸಿಕೊಳ್ಳುತ್ತದೋ!

ಮಾವನ ಮಾತು ನೆನಪಾಗುತ್ತದೆ. ನಾನು ಹುಡುಗುಬುದ್ಧಿಯಲ್ಲಿ, ಇಷ್ಟು ಸಣ್ಣ ಹನಿಯಿಂದ ಹೊಲ ಯಾವಾಗ ತುಂಬೀತು ಎಂದಿದ್ದೆ. “ಹೊಲಾ ತುಂಬಸೂದಲ್ಲೋ ತಮ್ಮಾ, ಬೇರಿಗೆ ಕುಡಸೂದು” ಎಂದರು.

ಆದರೆ ಹನಿ ನೀರಾವರಿ ಪೈಪು ಹಾಸಿದರೆ ಮುಗಿಯುವಂಥದ್ದಲ್ಲ. ಹಿನ್ನೀರಿನಲ್ಲಿ ರಾಡಿ ಇರುತ್ತದೆ, ಪಾಚಿ ಇರುತ್ತದೆ. ಹೊಲದ ಫಿಲ್ಟರನ್ನು ಬಿಚ್ಚಿ ತೊಳೆಯಬೇಕು. ಸಣ್ಣ ಪೈಪುಗಳ ಕೊನೆಯ ಮುಚ್ಚಳ ತೆಗೆದು, ಕೆಸರು ಹೋಗಿ ತಿಳಿನೀರು ಬರುವ ತನಕ ಬಿಡಬೇಕು. ಇಲಿ ಕಡಿದಲ್ಲಿ ಜೋಡಿಸಬೇಕು, ಎಡೆ ಹೊಡೆಯುವಾಗ ಕುಂಟೆಗೆ ಸಿಗದಂತೆ ಸರಿಸಬೇಕು. ಒಂದೊಂದೂ ಹತ್ತು ನಿಮಿಷದ ಕೆಲಸ, ಆದರೆ ತಪ್ಪಿಸುವಂತಿಲ್ಲ. ತಪ್ಪಿದರೆ ಹನಿಯ ಕಣ್ಣು ಮುಚ್ಚುತ್ತದೆ, ಬೆಳೆ ಒಣಗುತ್ತದೆ. ಆಗ ಒಕ್ಕಲಿಗ ಬೇಸತ್ತು ಪೈಪನ್ನೇ ಸುತ್ತಿ ಬದುವಿಗೆ ಇಟ್ಟು ಮೊದಲಿನಂತೆ ನೀರು ಹಾಯಿಸಲು ನೋಡುತ್ತಾನೆ. ಅಂಥ ಸುರುಳಿಗಳೂ ಈ ಸೀಮೆಯಲ್ಲಿ ಕಾಣುತ್ತವೆ. ಸುತ್ತಿಟ್ಟವರನ್ನೆಲ್ಲ ಮೈಗಳ್ಳರೆಂದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೊಲದ ಸಾಲ, ಬೆಳೆಯ ರೇಟು, ಸಮಯಕ್ಕೆ ಬಾರದ ನೀರು, ದುಡಿಮೆಗೆ ದೂರ ಹೋದ ಮಕ್ಕಳು ಎಲ್ಲ ಆ ಸುರುಳಿಯೊಳಗಿವೆ.

ಮಾವ ಮೂವತ್ತು ವರ್ಷ ತಂಬಾಕು ಹಾಕಿದವರು. ಬಿಟ್ಟ ಮೇಲೆ ಸಂಜೆಗಳು ಕಠಿಣವಾದವಂತೆ. ಆ ಹೊತ್ತಿಗೇ ಅವರು ಹೊಲಕ್ಕೆ ಹೋಗಿ ಫಿಲ್ಟರು ಬಿಚ್ಚುವುದಕ್ಕೆ ಶುರು ಮಾಡಿದರು. ತಂಬಾಕು ತಿಕ್ಕುತ್ತಿದ್ದ ಹೆಬ್ಬೆರಳಿಗೆ ಜಾಲರಿ ತಿಕ್ಕುವ ಕೆಲಸ ಬಂತು. ಆರೋಗ್ಯದ ಭಾಷಣಗಳಲ್ಲಿ ಕೇಳದ ಈ ಮಾತನ್ನು ಅವರು ಒಂದು ಸಂಜೆ ಹಾಗೇ ಆಡಿಬಿಟ್ಟರು: “ಬಿಡೂದು ಅಂದ್ರ ಏನೂ ಇಲ್ಲೋ, ಕೈಗೆ ಬ್ಯಾರೆ ಕೆಲಸಾ ಹಚ್ಚೂದು.”

ಚಟದ ಹಾಗೆ ಊಟವೂ ಒಂದು ರೂಢಿಯೇ. ಅದರ ಮಾತು ಬಂದಾಗ ನಮ್ಮವರು ಎದೆಯುಬ್ಬಿಸಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ನವಣಕ್ಕಿ ಅನ್ನ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಹಸಿ ಹಕ್ಕರಕಿ ಎಂದು ಎಣಿಸುತ್ತಾರೆ. ಅಭಿಮಾನ ಸರಿಯಾದದ್ದೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರುವ ಎಷ್ಟೋ ಮೊದಲಿನಿಂದ ಹುನಗುಂದದ ಮಸಾರಿ ಹೊಲಗಳು ನವಣೆ ಬೆಳೆದಿವೆ. ಹಿಂಗಾರಿಯ ಬಿಳಿಜೋಳ ಮಳೆ ನಿಂತ ಮೇಲೆ, ಎರಿಮಣ್ಣು ಹಿಡಿದಿಟ್ಟ ಹಸಿಯಲ್ಲೇ, ಇಬ್ಬನಿಯ ತಂಪಿನಲ್ಲಿ ಬೆಳೆದು ನಿಲ್ಲುತ್ತದೆ. ಪಂಪು ಬೇಡ, ಕರೆಂಟು ಬೇಡ. ಆ ಹಸಿ ಉಳಿಯಲು ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣು ಕೊಚ್ಚದೆ ಇಳಿದು ಹೋಗಲೆಂದು ಕಲ್ಲಿನ ಗುಂಡಾವರ್ತಿ ಕಟ್ಟುವ ಜಾಣ್ಮೆ ಈ ತಾಲ್ಲೂಕಿನದು. ಒಣಬೇಸಾಯಕ್ಕೆ ಹೆಸರಾದ ಹುನಗುಂದದ ಮಲ್ಲಣ್ಣ ನಾಗರಾಳರು ಆ ಜಾಣ್ಮೆಯನ್ನು ನಾಡಿಗೆಲ್ಲ ತೋರಿಸಿಕೊಟ್ಟರು. ಒಡ್ಡೂ ಒಮ್ಮೆ ಹಾಕಿ ಮರೆಯುವಂಥದ್ದಲ್ಲ, ಪ್ರತಿ ಮಳೆಯ ಮುಂದೆ ಹೋಗಿ ನೋಡಬೇಕು.

ಆದರೆ ಹೊಗಳುವಾಗ ಒಂದು ಸಂಗತಿಯನ್ನು ನಾವು ಮುಚ್ಚಿಡುತ್ತೇವೆ. ಆ ಊಟ ನಿಂತದ್ದು ಅವ್ವಂದಿರ ರಟ್ಟೆಯ ಮೇಲೆ. ನಸುಕಿನಲ್ಲಿ ಎದ್ದು, ಹೊಗೆ ತುಂಬಿದ ಒಲೆಯ ಮುಂದೆ ಕುಳಿತು, ಹೊಲಕ್ಕೆ ಹೋಗುವವರ ಬುತ್ತಿಗೆ ಇಪ್ಪತ್ತು-ಮೂವತ್ತು ರೊಟ್ಟಿ ಬಡಿದು, ಆಮೇಲೆ ತಾವೂ ಕಳೆ ತೆಗೆಯಲು ಹೋದವರು ಅವರು. ಅಕ್ಕಿ ಅಗ್ಗವಾಗಿ ಕೈಗೆ ಸಿಕ್ಕಾಗ, ಒಂದು ಸಲ ಕುಕ್ಕರ್ ಇಟ್ಟು ಉಸ್ ಎಂದು ಕುಳಿತ ಸೊಸೆಯನ್ನು ಯಾವ ಬಾಯಿಂದ ತಪ್ಪು ಎನ್ನಲಿ? ಹಳೆಯ ಊಟ ಮನೆಗೆ ಮರಳಬೇಕಾದರೆ ಅದರ ಕೆಲಸ ಗಂಡಸರ ಕೈಗೂ ಹಂಚಿಕೆಯಾಗಬೇಕು. ರೊಟ್ಟಿ ಬಡಿಯಲು ಬಾರದಿದ್ದರೆ ಕಾಳು ಹಸನು ಮಾಡಲಿ, ಗಿರಣಿಗೆ ಹೋಗಿ ಬರಲಿ, ಸೊಪ್ಪು ಸೋಸಲಿ. ಈಗ ಖಡಕ್ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಊರೂರಲ್ಲಿದ್ದಾರೆ. ಅವರಿಂದ ರೊಟ್ಟಿ ಕೊಂಡು ಉಣ್ಣುವುದನ್ನು ನಾನು ಸೋಲೆಂದು ತಿಳಿಯುವುದಿಲ್ಲ. ಅವ್ವನ ದುಡಿಮೆಗೆ ಕೊನೆಗೂ ಒಂದು ಬೆಲೆ ಕಟ್ಟಿದಂತಾಯಿತು.

ಅವ್ವಂದಿರ ಕೈಕೆಲಸದ ಮಾತು ಬಂದ ಮೇಲೆ ಕೌದಿಯನ್ನೂ ಹೇಳದೆ ಇರಲಾರೆ. ಇಳಕಲ್ಲ ಸೀರೆಯ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ, ಎಳೆಗೆ ಎಳೆ ಸಿಕ್ಕಿಸಿ. ಉಟ್ಟು ಉಟ್ಟು ಸವೆದ ಸೀರೆ ಪದರಪದರವಾಗಿ ಕೌದಿಯೊಳಗೆ ಸೇರುತ್ತದೆ. ನಮ್ಮ ಮನೆಯ ಕೌದಿಯೊಂದರಲ್ಲಿ ಅಜ್ಜಿಯ ಸೀರೆ, ಅವ್ವನ ಸೀರೆ, ತಂಗಿಯ ಲಂಗ ಮೂರೂ ಇವೆ. ಬಟ್ಟೆ ಉಳಿಸಬೇಕೆಂದು ಅವರಿಗೆ ಯಾರೂ ಪಾಠ ಮಾಡಿದ್ದಿಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ನಾಲ್ಕು ಜನ ಕೂಡಿ, ಹಾಡುತ್ತ, ಸುಖ-ದುಃಖ ಮಾತಾಡುತ್ತ ಹಾಕಿದ ಹೊಲಿಗೆ ಅದು. ಆ ಕೂಡುವಿಕೆ ತಪ್ಪಿದ ಮೇಲೆ ಸೂಜಿ ಇದ್ದಲ್ಲೇ ತುಕ್ಕು ಹಿಡಿಯಿತು. ಒಬ್ಬಳೇ ಕುಳಿತು ಕೌದಿ ಹೊಲಿಯುವುದು ಎಷ್ಟು ಬೇಸರದ್ದೆಂದು ಅವ್ವ ಈಗಲೂ ಹೇಳುತ್ತಾಳೆ. ಹೊಲಿಗೆ ನಿಂತದ್ದು ಬಟ್ಟೆ ಕಡಿಮೆಯಾಗಿ ಅಲ್ಲ.

ಹೋದ ಸಲ ಮರೋಳಕ್ಕೆ ಹೋದಾಗ ಮಾವನ ಮೊಣಕಾಲು ಬಾತಿತ್ತು. ಬದುವಿನ ಮೇಲೆ ಕುಳಿತೇ ಕೂಗಿ ಹೇಳುತ್ತಿದ್ದರು. ಪಕ್ಕದ ಹೊಲದ ಹುಡುಗ ತನ್ನ ಸಾಲು ಮುಗಿಸಿ ಬಂದು ಇವರ ಪೈಪುಗಳ ಕೊನೆಯ ಮುಚ್ಚಳವನ್ನು ಒಂದೊಂದೇ ತೆಗೆಯುತ್ತ ಹೋದ. ಮೊದಲು ಕಪ್ಪು ನೀರು ಚಿಮ್ಮಿತು, ಆಮೇಲೆ ಕೆಂಪಗಿನದು. ಹುಡುಗ ಮುಚ್ಚಲು ಬಗ್ಗಿದ. ಮಾವ ಕೈಯೆತ್ತಿ, “ತಡೀ, ಇನ್ನಾ ತಿಳಿ ಬಂದಿಲ್ಲ” ಎಂದರು. ಹುಡುಗ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನಿಂತ.